ಹನ್ನೆರಡನೆಯವನು ಬಂದ, ಊಟಕ್ಕೆ ಮಾತ್ರ

ಐಪಿಎಲ್‌ನ ಇಂಪ್ಯಾಕ್ಟ್ ಪ್ಲೇಯರ್, ಅಂದರೆ ಮ್ಯಾಚ್ ನಡುವೆ ಒಬ್ಬನನ್ನು ಹೊರಗೆ ಕೂರಿಸಿ ಅವನ ಜಾಗಕ್ಕೆ ಇಳಿಸುವ ಹನ್ನೆರಡನೆಯವನು, ಎಲ್ಲೂ ಹೋಗಲ್ಲ, 2027ರವರೆಗೂ ಇರುತ್ತಾನೆ ಅಂತ ಬಿಸಿಸಿಐ 2024ರಲ್ಲೇ ಹೇಳಿಬಿಟ್ಟಿದೆ. ಆದರೂ ಸೀಸನ್ ಹತ್ತಿರ ಬಂದಾಗೆಲ್ಲ ಟಿವಿಯಲ್ಲಿ ನಾಲ್ಕು ಜನ ಕೋಟು ಹಾಕಿಕೊಂಡು ಕೂತು ಈ ರೂಲ್ ಬೇಕಾ ಬೇಡವಾ ಅಂತ ವಾದ ಮಾಡುತ್ತಾರೆ. ತಾಳಿ ಕಟ್ಟಿ ಆದಮೇಲೆ ಜಾತಕ ನೋಡಿದ ಹಾಗೆ.

ನನಗೆ ಈ ರೂಲ್ ಸರಿಯಾಗಿ ಅರ್ಥವಾಗಿದ್ದು ಟಿವಿ ನೋಡಿ ಅಲ್ಲ, ಒಂದು ಮದುವೆ ಮನೆಯಲ್ಲಿ. ನಮ್ಮ ದೊಡ್ಡಪ್ಪನ ಅಳಿಯ ಒಬ್ಬರಿದ್ದಾರೆ, ನನಗೆ ಭಾವ ಆಗಬೇಕು. ಚಪ್ಪರ ಹಾಕುವ ದಿನ ಇರಲ್ಲ. ತರಕಾರಿ ಹೆಚ್ಚುವ ರಾತ್ರಿ ಅವರಿಗೆ ಬೆನ್ನುನೋವು. ಧಾರೆ ಎರೆಯುವ ಹೊತ್ತಿಗೆ ಪಾರ್ಕಿಂಗ್ ಹುಡುಕುತ್ತಿರುತ್ತಾರೆ. ಎರಡನೇ ಪಂಕ್ತಿ ಶುರುವಾಯಿತು ಅನ್ನಿ, ಎಲೆ ಮುಂದೆ ಹಾಜರ್. ಮೂರು ಒಬ್ಬಟ್ಟು, ಮೇಲೆ ತುಪ್ಪ, 'ಇನ್ನೊಂಚೂರು ಹಾಕಪ್ಪ, ನಾನೇನು ಹೊರಗಿನವನಾ' ಅಂತ ಒಂದು ಮಾತು. ಮುಂದಿನ ಪಂಕ್ತಿಗೆ ಬಡಿಸುವ ಸರದಿ ಬಂದಾಗ ನೋಡಿದರೆ ಕೈ ತೊಳೆಯಲು ಹೋದ ಆಸಾಮಿ ನಾಪತ್ತೆ. ಇಷ್ಟು ವರ್ಷ ನಾವು ಇವರನ್ನು ಮೈಗಳ್ಳ ಅಂತ ಆಡಿಕೊಳ್ಳುತ್ತಿದ್ದೆವು. ಪಾಪ, ತಪ್ಪು ತಿಳಿದಿದ್ದೆವು. ಭಾವ ಕಾಲಕ್ಕಿಂತ ಮುಂದೆ ಇದ್ದರು, ಅಷ್ಟೇ.

ಮುಂಚೆ ಮನೆಮದುವೆ ಅಂದರೆ ಸಾರಿನ ಬಕೆಟ್ ಹಿಡಿದವನೇ ಎಲೆಯನ್ನೂ ಎತ್ತಬೇಕಿತ್ತು. ಕ್ರಿಕೆಟ್‌ನಲ್ಲಿ ಅಂಥವರಿಗೆ ಆಲ್‌ರೌಂಡರ್ ಅನ್ನುತ್ತಿದ್ದರು. ಈಗ ಒಬ್ಬ ಬ್ಯಾಟ್ ಬೀಸಿ ಹೋಗಿ ಡಗ್‌ಔಟ್‌ನಲ್ಲಿ ಕೂತರೆ ಆಯಿತು, ಬೌಲಿಂಗ್ ಮಾಡಲು ಬೇರೆಯವನು ಬರುತ್ತಾನೆ. ರೋಹಿತ್ ಶರ್ಮಾ 2024ರಲ್ಲಿ ಇದನ್ನೇ ಹೇಳಿದರು. ಶಿವಂ ದುಬೆ, ವಾಷಿಂಗ್ಟನ್ ಸುಂದರ್ ಅಂಥವರಿಗೆ ಬೌಲಿಂಗೇ ಸಿಗುತ್ತಿಲ್ಲ, ಕ್ರಿಕೆಟ್ ಹನ್ನೊಂದು ಜನರ ಆಟ ಕಣ್ರೀ, ಹನ್ನೆರಡಲ್ಲ ಅಂತ. ಕೊಹ್ಲಿಯೂ ಹೌದು ಅಂದರು. ಇಬ್ಬರೂ ಸೇರಿ ಹೇಳಿದ ಮಾತನ್ನು ಗೌರವದಿಂದ ಕೇಳಿಸಿಕೊಂಡು ಬೋರ್ಡ್‌ನವರು ರೂಲನ್ನು ಇನ್ನೂ ಮೂರು ಸೀಸನ್‌ಗೆ ಎಳೆದರು.

ಅಂದಹಾಗೆ ಇದು ಹೊಸ ಐಡಿಯಾನೂ ಅಲ್ಲ. 2005ರಲ್ಲಿ ಐಸಿಸಿ ಸೂಪರ್‌ಸಬ್ ಅಂತ ಇಂಥದ್ದೇ ಒಂದನ್ನು ಒನ್‌ಡೇಗೆ ತಂದು, ವರ್ಷ ತುಂಬುವ ಮೊದಲೇ ಕೈಬಿಟ್ಟಿತು. ನಮ್ಮವರು 2022ರಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಅನ್ನುವ ರಾಜ್ಯ ತಂಡಗಳ ಟಿ20ಯಲ್ಲಿ ಇಂಪ್ಯಾಕ್ಟ್ ಪ್ಲೇಯರ್‌ನ ಟ್ರಯಲ್ ನೋಡಿದರು. 2024ರಲ್ಲಿ ಆ ಟ್ರೋಫಿಯಿಂದ ಅವನನ್ನು ತೆಗೆದುಹಾಕಿದರು. ಟ್ರಯಲ್ ನೋಡಿದ ಕಡೆಯಲ್ಲೇ ಬೇಡ ಅಂತ ಬಿಚ್ಚಿಟ್ಟ ಅಂಗಿ ಅದು. ಐಪಿಎಲ್‌ನಲ್ಲಿ ಮಾತ್ರ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಾರೆ.

ಏಪ್ರಿಲ್ 15, 2024 ನೆನಪಿದೆಯಲ್ಲ? ಬೆಂಗಳೂರಿನವರಿಗೆ ಮರೆಯೋಕೆ ಆಗಲ್ಲ ಬಿಡಿ. ಚಿನ್ನಸ್ವಾಮಿಯಲ್ಲಿ ಹೈದರಾಬಾದ್‌ನವರು 287 ಹೊಡೆದರು, ಅದರಲ್ಲಿ 22 ಸಿಕ್ಸು. ಆರ್‌ಸಿಬಿ 262 ಹೊಡೆದು ಸೋತಿತು. 262 ಹೊಡೆದು ಸೋಲುವುದಕ್ಕೂ ಒಂದು ಯೋಗ ಬೇಕು. ನಮ್ಮ ನಾಲ್ಕು ಬೌಲರ್‌ಗಳು ತಲಾ ಐವತ್ತಕ್ಕಿಂತ ಜಾಸ್ತಿ ಕೊಟ್ಟು ಬಂದರು. ಬಾಲ್ ಹಾಕುತ್ತಿದ್ದಾರೋ ಅಥವಾ ಛತ್ರದಲ್ಲಿ ತಾಂಬೂಲ ಹಂಚುತ್ತಿದ್ದಾರೋ ಅಂತ ಅನುಮಾನ ಬಂದುಬಿಟ್ಟಿತು. ಗವಾಸ್ಕರ್ ಪಾಪ, ಬೌಂಡರಿ ಹಗ್ಗವನ್ನು ಒಂದೆರಡು ಮೀಟರ್ ಹಿಂದಕ್ಕಾದರೂ ಹಾಕಿ ಅಂತ ಕಾಮೆಂಟರಿಯಲ್ಲಿ ಹೇಳಿ ಹೇಳಿ ಸಾಕಾದರು. ಹಗ್ಗದ ಆಚೆ ಜಾಹೀರಾತು ಬೋರ್ಡ್ ಇದೆಯಲ್ಲ, ಅದನ್ನು ಎಲ್ಲಿಗೆ ಹಾಕೋದು?

ಬೌಲರ್‌ಗಳಿಗೆ ಏನೂ ಕೊಟ್ಟಿಲ್ಲ ಅಂತಲ್ಲ. 2024ರಲ್ಲಿ ಓವರ್‌ಗೆ ಎರಡು ಬೌನ್ಸರ್ ಕೊಟ್ಟರು. 2025ರಲ್ಲಿ ರಾತ್ರಿ ಮ್ಯಾಚ್‌ಗಳ ಎರಡನೇ ಇನಿಂಗ್ಸ್‌ನಲ್ಲಿ, ಇಬ್ಬನಿ ಬೀಳುತ್ತೆ ಅಂತ, ಹತ್ತು ಓವರ್ ಆದಮೇಲೆ ಒಣಗಿದ ಬಾಲ್ ಕೇಳಿ ತಗೊಳ್ಳಬಹುದು ಅಂದರು. ಎಲ್ಲಕ್ಕಿಂತ ದೊಡ್ಡ ಉಡುಗೊರೆ ಎಂಜಲು. ಕೊರೊನಾ ಕಾಲದಲ್ಲಿ ಬಾಲ್‌ಗೆ ಹೊಳಪಿಗೆ ಎಂಜಲು ಹಚ್ಚಬಾರದು ಅಂತ ಮಾಡಿದ್ದರಲ್ಲ, 2025ರ ಐಪಿಎಲ್‌ನಲ್ಲಿ ಅದನ್ನು ವಾಪಸ್ ಕೊಟ್ಟರು. ಬೌಂಡರಿ ಚಿಕ್ಕದಾಯಿತು, ಪಿಚ್ ಸಿಮೆಂಟ್ ರೋಡಾಯಿತು, ಎದುರಿಗೆ ಒಬ್ಬ ಬ್ಯಾಟ್ಸ್‌ಮನ್ ಎಕ್ಸ್‌ಟ್ರಾ ಬಂದ. ಬೌಲರ್ ಕೈಚಾಚಿ ನಿಂತಾಗ, ತಗೋ ನಿನ್ನ ಎಂಜಲು ನಿನಗೇ ಇರಲಿ ಅಂದರು. ನಮ್ಮ ಅಜ್ಜಿ ಇದ್ದಿದ್ದರೆ ಬಾಲನ್ನು ಹುಣಸೆಹಣ್ಣು ಹಚ್ಚಿ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ.

ಅದೇ ವರ್ಷ ಇನ್ನೊಂದು ತಮಾಷೆ ನಡೆಯಿತು. ಬ್ಯಾಟ್ ಅಳೆಯೋದು. ಬ್ಯಾಟ್ಸ್‌ಮನ್ ಕ್ರೀಸಿಗೆ ಬರುತ್ತಾನೆ, ಅಂಪೈರ್ ಜೇಬಿನಿಂದ ಒಂದು ತೂತಿನ ಪಟ್ಟಿ ತೆಗೆದು ಬ್ಯಾಟಿಗೆ ತೊಡಿಸಿ ನೋಡುತ್ತಾರೆ. ಅಗಲ 10.8 ಸೆಂ.ಮೀ., ದಪ್ಪ 6.7, ಅಂಚು 4. ತೂರಿದರೆ ಪಾಸು. ಥೇಟ್ ಬಳೆಗಾರ. ನಮ್ಮ ಬೀದಿಗೆ ಬರುತ್ತಿದ್ದ ಬಳೆಗಾರರೂ ಹೀಗೇ, ಅತ್ತೆಯ ಕೈ ಹಿಡಿದು, ಗೆಣ್ಣು ಒತ್ತಿ, ಕಣ್ಣು ಚಿಕ್ಕದು ಮಾಡಿಕೊಂಡು, 'ಎರಡೂಕಾಲು ಆಗಲ್ಲಮ್ಮ, ಎರಡೂವರೆ ಹಾಕ್ತೀನಿ' ಅನ್ನುತ್ತಿದ್ದರು. ಅಂಪೈರ್ ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ. ನಾಲ್ಕು ಸೆಂಟಿಮೀಟರ್ ಅಂಚಿಗೆ ತಾಗಿದ ಬಾಲ್ ಥರ್ಡ್‌ಮ್ಯಾನ್ ಮೇಲೆ ಸಿಕ್ಸ್ ಹೋಗುತ್ತೆ, ಅದು ಕಾನೂನುಬದ್ಧ. 4.1 ಇದ್ದಿದ್ದರೆ ಅನ್ಯಾಯ ಆಗಿಬಿಡುತ್ತಿತ್ತು.

2023ರಿಂದ ವೈಡ್‌ಗೂ ನೋಬಾಲ್‌ಗೂ ರಿವ್ಯೂ ಕೇಳಬಹುದು, ಅಂಪೈರ್ ತೀರ್ಪನ್ನು ಇನ್ನೊಮ್ಮೆ ನೋಡಿ ಅಂತ. ಕೋಟಿಗಟ್ಟಲೆ ಬಾಳುವ ಆಟಗಾರ ಒಂದು ರನ್ನಿಗಾಗಿ ಟಿ ಅಂತ ಕೈ ಕಟ್ಟಿ ನಿಲ್ಲೋದು ನೋಡಿದಾಗೆಲ್ಲ ನನಗೆ ಭದ್ರಾವತಿಯಲ್ಲಿ ಹುಟ್ಟಿದ ವಿಶಿ ನೆನಪಾಗುತ್ತಾರೆ. 1980ರ ಬಾಂಬೆ ಟೆಸ್ಟ್. ಜಿ.ಆರ್. ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್ ಕ್ಯಾಚ್ ಔಟ್ ಅಂತ ಅಂಪೈರ್ ಬೆರಳೆತ್ತಿದರು, ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಾಗಿ ವಿಶಿ ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ನಿಂತು 171 ರನ್ ಸೇರಿಸಿದರು, ನಾವು 10 ವಿಕೆಟ್‌ನಿಂದ ಸೋತೆವು. ಇವತ್ತಾಗಿದ್ದರೆ ವಿಶಿಯನ್ನು ಎಷ್ಟು ಬೈಯುತ್ತಿದ್ದರೋ.

ಟೈಮ್‌ಔಟ್ ಅಂತ ಆಟದ ಮಧ್ಯೆ ಕೊಡುವ ವಿರಾಮದ ಬಗ್ಗೆ ಮಾತ್ರ ನಾನು ಕೆಟ್ಟದ್ದು ಹೇಳಲ್ಲ. 2009ರಲ್ಲಿ ಶುರು ಮಾಡಿದಾಗ ಏಳೂವರೆ ನಿಮಿಷ ಇತ್ತು, ಆಮೇಲೆ ಎರಡೂವರೆಗೆ ಇಳಿಸಿದರು. ತಂತ್ರ ಹೂಡಲು ಅಂತೆ. ನಮ್ಮ ಮನೆಯಲ್ಲಿ ಆ ಎರಡೂವರೆ ನಿಮಿಷದಲ್ಲಿ ಹಾಲಿಗೆ ಹೆಪ್ಪು ಹಾಕಿ, ಗೇಟಿಗೆ ಬೀಗ ಹಾಕಿ, ಅಕ್ಕಿ ನೆನೆಸಿ ಆಗುತ್ತದೆ. ಮೈದಾನದಲ್ಲಿ ನೀರು ಕುಡಿಯುತ್ತಾರೆ, ಟಿವಿಯಲ್ಲಿ ಗುಟ್ಕಾ ಕಂಪನಿಯವರ ಏಲಕ್ಕಿ ಬರುತ್ತದೆ.

ಇಷ್ಟೆಲ್ಲ ರೂಲ್ ಬದಲಾಯಿಸುವವರಿಗೆ ಸ್ಟ್ಯಾಂಡಿನಲ್ಲಿ ಕೂತವರ ಬಗ್ಗೆ ಒಂದು ರೂಲ್ ಹೊಳೆಯಲ್ಲ, ಅದೇ ನನಗೆ ಉರಿ. ಒಂದು ಸಲ ಟಿಕೆಟ್ ತಗೊಳ್ಳಲು ಬೆಳಗ್ಗೆ ಫೋನ್ ಹಿಡಿದು ಕೂತೆ. ಕ್ಯೂ ಅಂತ ತೋರಿಸುತ್ತಾ ಒಂದು ಚಿಕ್ಕ ಬೊಂಬೆ ನಡೆಯುತ್ತಿತ್ತು. ನಡೆಯಿತು, ನಡೆಯಿತು, ನಾನು ತಿಂಡಿ ತಿಂದೆ, ಅದು ಇನ್ನೂ ನಡೆಯುತ್ತಿತ್ತು. ಕೊನೆಗೆ ಸೋಲ್ಡ್ ಔಟ್. ಸಾಯಂಕಾಲ ಅದೇ ಟಿಕೆಟ್ ಮೂರು ಪಟ್ಟು ರೇಟಿಗೆ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಹೇಗೋ ಹೋದರೆ ಗೇಟಿನಲ್ಲಿ ನೀರಿನ ಬಾಟಲಿ ಬಿಸಾಕಿಸಿದರು. ಪವರ್‌ಬ್ಯಾಂಕ್ ಬಿಸಾಕಿಸಿದರು. ಜೇಬಿನ ಚಿಲ್ಲರೆಯನ್ನೂ ಬಿಸಾಕಿಸಿದರು, ನಾಣ್ಯ ತೂರುತ್ತೇವಂತೆ. ಒಳಗೆ ಒಂದು ಲೋಟ ನೀರಿಗೆ ಕೊಟ್ಟ ದುಡ್ಡಿನಲ್ಲಿ ಹೊರಗೆ ಎರಡು ದೋಸೆ ಬರುತ್ತಿತ್ತು.

ಅದಾದರೂ ತಮಾಷೆ ಮಾಡಿ ಮರೆಯಬಹುದು. 2025ರ ಜೂನ್ 3ರಂದು ಹದಿನೆಂಟನೇ ಸೀಸನ್‌ನಲ್ಲಿ ಕೊನೆಗೂ ಆರ್‌ಸಿಬಿಗೆ ಕಪ್ ಬಂತು. ಮಾರನೇ ದಿನ ಚಿನ್ನಸ್ವಾಮಿಯ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹೊರಗೆ ಆಂಬುಲೆನ್ಸ್ ಓಡಾಡುತ್ತಿದ್ದಾಗ ಒಳಗೆ ಸನ್ಮಾನ ನಡೆಯಿತು. ಆಮೇಲೆ ಅವರವರು ಇವರಿವರ ಕಡೆ ಬೆರಳು ತೋರಿಸಿದರು. ಬೋರ್ಡ್ ಅದಕ್ಕೂ ಒಂದು ರೂಲ್ ಮಾಡಿತು, ಗೆದ್ದ ಮೂರು ನಾಲ್ಕು ದಿನ ಯಾರೂ ಸಂಭ್ರಮಾಚರಣೆ ಮಾಡಬಾರದು, ಮಾಡುವುದಾದರೆ ಮೊದಲೇ ಅನುಮತಿ ತಗೊಳ್ಳಬೇಕು ಅಂತ. ಎಷ್ಟು ಅಂಗುಲ ಬ್ಯಾಟ್ ಇರಬೇಕು ಅಂತ ಅಳೆಯಲು ಜೇಬಿನಲ್ಲಿ ಪಟ್ಟಿ ಇಟ್ಟುಕೊಳ್ಳುವವರಿಗೆ ಒಂದು ಗೇಟಿನಲ್ಲಿ ಎಷ್ಟು ಜನ ತೂರಬಹುದು ಅಂತ ಮೊದಲೇ ಅಳೆಯಲು ಏನು ಕಷ್ಟ ಇತ್ತು? ಆ ಮಕ್ಕಳು ಮ್ಯಾಚ್ ನೋಡಲೂ ಬಂದಿರಲಿಲ್ಲ. ಸುಮ್ನೆ, ಒಂದು ಸಲ ಕೈ ಬೀಸಿ ಹೋಗೋಣ ಅಂತ ಬಂದಿದ್ದರು. ಇದರ ಮೇಲೆ ಏನು ಬರೆಯೋದು, ಬಿಡಿ.

ಬರೆಯುತ್ತಾ ಕೂತಾಗ ಕಿಟಕಿ ಆಚೆ ಗಲಾಟೆ. ಅಕ್ಕನ ಮಗ ಮತ್ತು ಅವನ ಗ್ಯಾಂಗ್. ಇವರ ರೂಲ್‌ಬುಕ್ ನನಗೆ ಯಾವಾಗಲೂ ಇಷ್ಟ. ಬ್ಯಾಟಿಂಗ್ ಟೀಮಿನವನೇ ಅಂಪೈರ್. ಗೋಡೆಗೆ ಬಡಿದು ಒಂದೇ ಪಿಚ್ ಆಗಿ ಒಂದೇ ಕೈಯಲ್ಲಿ ಹಿಡಿದರೆ ಔಟ್. ಸ್ಕೂಟರ್‌ಗೆ ತಾಗಿದರೆ ಎರಡು ರನ್, ಕಾರಿಗೆ ತಾಗಿದರೆ ಎಲ್ಲರೂ ಓಡಬೇಕು. ಯಾರದ್ದಾದರೂ ಕಾಂಪೌಂಡಿನ ಒಳಗೆ ನೇರ ಹೊಡೆದರೆ ಸಿಕ್ಸ್ ಅಲ್ಲ, ಔಟ್. ಹೊಡೆದವನೇ ಹೋಗಿ ಬಾಲ್ ತರಬೇಕು.

'ನೀವು ಇಂಪ್ಯಾಕ್ಟ್ ಪ್ಲೇಯರ್ ಇಟ್ಕೊಂಡಿಲ್ವೇನೋ?' ಅಂತ ಕೇಳಿದೆ.

'ಏಳೇ ಜನ ಇರೋದು ಮಾಮ, ನೀನು ಬರ್ತೀಯಾ?' ಅಂದ.

ಅಷ್ಟರಲ್ಲಿ ಯಾರೋ ಎತ್ತಿ ಹೊಡೆದರು. ಬಾಲ್ ಎದುರು ಮನೆ ಕಾಂಪೌಂಡ್ ದಾಟಿ ಸಂಡಿಗೆ ಒಣಹಾಕಿದ್ದ ಸೀರೆಯ ಮೇಲೆ ಬಿತ್ತು. ಹೊಡೆದವನು ಗೇಟಿನ ಹತ್ತಿರ ಹೋಗಿ, 'ಆಂಟಿ, ಬಾಲ್...' ಅಂತ ಅರ್ಧಕ್ಕೆ ನಿಲ್ಲಿಸಿದ. ಆಂಟಿ ಎಡಗೈಯಲ್ಲಿ ಬಾಲ್, ಬಲಗೈಯಲ್ಲಿ ಮುರಿದ ಸಂಡಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಯಾರೂ ರಿವ್ಯೂ ಕೇಳಲಿಲ್ಲ.