ಮಡಿಕೇರಿಯಲ್ಲಿ ಹಿಮಪಾತ, ಪಾರ್ಕಿಂಗ್ ಫುಲ್

ಡಿಸೆಂಬರ್ ಬಂತೆಂದರೆ ಮಡಿಕೇರಿಯಲ್ಲಿ ಹಿಮ ಬೀಳಲು ಶುರುವಾಗುತ್ತದೆ. ಊರಲ್ಲಲ್ಲ, ಫೋನಲ್ಲಿ.

ಬೆಂಗಳೂರಿನ ನೆಂಟರು ಬೆಳಬೆಳಗ್ಗೆ ಒಂದು ಫೋಟೋ ಕಳಿಸುತ್ತಾರೆ. ರಾಜಾಸೀಟಿನ ಮಂಟಪದ ಮೇಲೆ ಒಂದಡಿ ಹಿಮ. ಹಿಂದೆ ಸಾಲಾಗಿ ದೇವದಾರು ಮರಗಳು. ನಮ್ಮ ಮಂಟಪಕ್ಕೆ ಇರುವುದು ನಾಲ್ಕೇ ಕಂಬ, ಫೋಟೋದಲ್ಲಿ ಆರೂವರೆ. ಪೆಂಗ್ವಿನ್ ಒಂದು ಕಾಣುತ್ತಿಲ್ಲ, ಮುಂದಿನ ವರ್ಷ ಬರಬಹುದು. ‘ಇಷ್ಟೆಲ್ಲ ಸ್ನೋ ಬಿದ್ದಿದೆ, ನೀವು ಒಂದು ಮಾತೂ ಹೇಳಲಿಲ್ಲವಲ್ಲ’ ಅಂತ ಕೆಳಗೆ ಬೇಜಾರಿನ ಸಾಲು ಬೇರೆ.

ಈ ಹಿಮದ ಸರಕು ಎಲ್ಲಿಂದ ಬರುತ್ತದೆ ಅಂತ ಹುಡುಕಿದರೆ ಮಜವಾಗಿದೆ. ಕೆಲವು ಎ.ಐ. ಮಾಡಿಕೊಟ್ಟದ್ದು. ಕೆಲವು ಮನಾಲಿಯದ್ದು, ಹಿಂದೆ ಹಿಮಾಚಲದ ಬಸ್ಸು ನಿಂತಿರುವುದು ಕಾಣುತ್ತದೆ, ಆದರೂ ‘ಕೂರ್ಗ್ ವೈಬ್ಸ್’. ಇನ್ನು ಕೆಲವು ನಮ್ಮವೇ, ಆದರೆ ಡಿಸೆಂಬರಿನವಲ್ಲ. ಬೇಸಿಗೆಯ ಮೊದಮೊದಲ ಮಳೆಗೆ ಶನಿವಾರಸಂತೆ, ಸೋಮವಾರಪೇಟೆ ಕಡೆ ಆಲಿಕಲ್ಲು ಬೀಳುವುದುಂಟು. ಹಸಿಮೆಣಸಿನ ಗಿಡ ಹರಿದು ಚಿಂದಿಯಾಗಿರುತ್ತದೆ. ಅಂಗಳದಲ್ಲಿ ಬೆಳ್ಳಗೆ ರಾಶಿ ಬಿದ್ದ ಆಲಿಕಲ್ಲು ನೋಡಿಕೊಂಡು ಬೆಳೆಗಾರ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾನೆ. ಅವನ ಮಗ ತೆಗೆದ ಚೋಟುದ್ದದ ವಿಡಿಯೋ ಊರೂರು ಸುತ್ತಿ, ಎಲ್ಲೋ ಒಂದು ಪಿಯಾನೋ ಸಂಗೀತವನ್ನೂ ಸಂಪಾದಿಸಿಕೊಂಡು, ಕ್ರಿಸ್‌ಮಸ್ ಹೊತ್ತಿಗೆ ‘ಸ್ನೋಫಾಲ್ ಇನ್ ಕೂರ್ಗ್’ ಆಗಿ ಮನೆಗೆ ವಾಪಸ್ ಬರುತ್ತದೆ. ಬೆಳೆ ಕಳೆದುಕೊಂಡವನಿಗೇ ‘ಲಕ್ಕಿ ನೀವು’ ಅಂತ ಕಾಮೆಂಟು. ಹೂಮಳೆ ಬಿದ್ದು ಕಾಫಿ ಹೂ ಅರಳಿದರೆ ಅದೂ ಹಿಮವೇ. ಘಮ ವಿಡಿಯೋದಲ್ಲಿ ಬರುವುದಿಲ್ಲವಲ್ಲ, ಬಚಾವು.

ಇದಕ್ಕೆಲ್ಲ ಮೂಲ ಆ ‘ಭಾರತದ ಸ್ಕಾಟ್ಲೆಂಡ್’ ಬೋರ್ಡು. 1956ರವರೆಗೆ ತಾನೇ ಒಂದು ರಾಜ್ಯವಾಗಿದ್ದ ನಾಡು ಈಗ ಪರದೇಶದ ಹೆಸರು ಹೇಳಿಕೊಂಡು ರೂಮು ಬಾಡಿಗೆಗೆ ಕೊಡುತ್ತಿದೆ. ಲೆಕ್ಕ ಹಾಕಿದರೆ ಇದು ಉಲ್ಟಾ ಆಗಬೇಕಿತ್ತು. ಸ್ಕಾಟ್ಲೆಂಡಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್, 1,345 ಮೀಟರ್. ಇಡೀ ಬ್ರಿಟನ್ನಿನಲ್ಲೇ ಅದನ್ನು ಮೀರಿಸಿದ್ದಿಲ್ಲ. ನಮ್ಮ ತಡಿಯಂಡಮೋಳ್ 1,748 ಮೀಟರ್. ನಾನೂರು ಮೀಟರ್ ಮೇಲಿದ್ದೂ ನಾವು ಅವರ ಬ್ರಾಂಚ್ ಆಫೀಸು. ಎಡಿನ್‌ಬರೋದಲ್ಲಿ ಯಾರಾದರೂ ‘ಯೂರೋಪಿನ ಕೊಡಗಿಗೆ ಸ್ವಾಗತ’ ಅಂತ ಬೋರ್ಡು ಹಾಕಿ ಪಂದಿಕರಿ, ಕಡಂಬಿಟ್ಟು ಮಾರುತ್ತಿದ್ದಾರಾ? ಇಲ್ಲ. ಪಾಪ, ಅವರಿಗೆ ವ್ಯಾಪಾರ ಗೊತ್ತಿಲ್ಲ.

ಹಿಮಕ್ಕೆ ಎತ್ತರ ಒಂದೇ ಸಾಲದು, ಭೂಮಿ ಮೇಲೆ ಎಲ್ಲಿ ಕೂತಿದ್ದೇವೆ ಅನ್ನುವುದೂ ನೋಡಬೇಕು. ಸ್ಕಾಟ್ಲೆಂಡ್ ಇರುವುದು ಉತ್ತರ ಅಕ್ಷಾಂಶ 56 ಡಿಗ್ರಿಯ ಆಸುಪಾಸಿನಲ್ಲಿ. ನಾವು 12ರಲ್ಲಿ. ಈ ಭಾಗದಲ್ಲಿ ಗಾಳಿ ಶೂನ್ಯ ಡಿಗ್ರಿಗೆ ಇಳಿಯಬೇಕಾದರೆ ಹತ್ತಿರ ಹತ್ತಿರ 5,000 ಮೀಟರ್ ಮೇಲೆ ಹೋಗಬೇಕು. ಅಂದರೆ ಒಂದರ ಮೇಲೊಂದು ಮೂರು ತಡಿಯಂಡಮೋಳ್ ಪೇರಿಸಬೇಕು. ಊರ ತುಂಬ ಜೆಸಿಬಿಗಳೇನೋ ಇವೆ. ಆದರೆ ಅವಕ್ಕೆ ಅಭ್ಯಾಸ ಇರುವುದು ಗುಡ್ಡ ಇಳಿಸುವುದು, ಏರಿಸುವುದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ತಾವಾಗಿಯೇ ಇಳಿದು ಬಂದಿದ್ದನ್ನು ಕಣ್ಣಾರೆ ನೋಡಿದ ಮೇಲೂ ಅವುಗಳಿಗೆ ಕೆಲಸ ಕಡಿಮೆಯಾಗಿಲ್ಲ.

ಸರಿ, ಹಿಮ ಬೇಡ, ಮಂಜಾದರೂ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಅದಕ್ಕೆ ಅದರದೇ ಟೈಮಿದೆ. ಚಳಿಗಾಲದ ಮಂಜು ಕಣಿವೆಯಲ್ಲಿ ಕೂರುತ್ತದೆ. ಬೆಳಗ್ಗೆ ಆರೂವರೆಗೆ ರಾಜಾಸೀಟಿನಲ್ಲಿ ನಿಂತರೆ ಕಾಲ ಕೆಳಗೆಲ್ಲ ಬೆಳ್ಳಗೆ. ಒಂಬತ್ತರ ಹೊತ್ತಿಗೆ ಬಿಸಿಲು ಅದನ್ನು ಗುಡಿಸಿ ಹಾಕಿರುತ್ತದೆ. ಮಂಜು ನೋಡಲೆಂದೇ ಬಂದವರು ಹಿಂದಿನ ರಾತ್ರಿ ಕ್ಯಾಂಪ್‌ಫೈರ್ ಸುತ್ತ ಕುಣಿದು ಹತ್ತೂವರೆಗೆ ಏಳುತ್ತಾರೆ. ಬಾಗಿಲು ತೆಗೆದರೆ ಚುರುಗುಟ್ಟುವ ಬಿಸಿಲು. ಹೋಮ್‌ಸ್ಟೇಗೆ ಒಂದು ಸ್ಟಾರ್ ಕಟ್: ‘ರೊಟ್ಟಿ ಚೆನ್ನಾಗಿತ್ತು, ಮಂಜು ಕೊಡಲಿಲ್ಲ.’ ಹೋಮ್‌ಸ್ಟೇ ನಡೆಸುವ ಅಕ್ಕ ಏನು ಮಾಡಬೇಕು? ಪಾತ್ರೆಯಲ್ಲಿ ಎತ್ತಿಟ್ಟು, ತಿಂಡಿ ಜೊತೆ ಬಿಸಿ ಮಾಡಿ ಬಡಿಸಬೇಕಾ? ಜುಲೈಯಲ್ಲಿ ಬನ್ನಿ ಮಾರಾಯರೇ, ಇಡೀ ಊರು ದಿನವಿಡೀ ಮೋಡದ ಒಳಗೇ ಇರುತ್ತದೆ. ಬಟ್ಟೆ ಮಾತ್ರ ಒಣಗುವುದಿಲ್ಲ.

ಡಿಸೆಂಬರಿನ ಮೋಡ ಮಾತ್ರ ಬೇರೆ ಕಥೆ. ಅರೇಬಿಕಾ ಕೊಯ್ಲಿನ ಕಾಲ ಅದು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಈ ಒಂದು ಪುಟ್ಟ ಜಿಲ್ಲೆಯದು. ಅದೆಲ್ಲ ಈಗ ಕಣದಲ್ಲಿ ಹರಡಿಕೊಂಡು ಬಿಸಿಲು ಕಾಯುತ್ತಿರುತ್ತದೆ. ಹಣ್ಣು ಕಾಫಿ ಸರಿಯಾಗಿ ಒಣಗಲು ಹತ್ತು ಹನ್ನೆರಡು ಒಳ್ಳೆಯ ಬಿಸಿಲಾದರೂ ಬೇಕು. ನಡುವೆ ಒಂದು ಮಳೆ ಬಿತ್ತೋ, ಕಣದಲ್ಲಿದ್ದದ್ದು ಬೂಷ್ಟು ಹಿಡಿಯುತ್ತದೆ, ಗಿಡದಲ್ಲಿದ್ದದ್ದು ಉದುರುತ್ತದೆ, ಸಾಲದ್ದಕ್ಕೆ ಹಣ್ಣು ಕೊಯ್ಯುವ ಮೊದಲೇ ಹೂ ಬಿಡುತ್ತದೆ.

ಹಾಗಾಗಿ ಮಧ್ಯಾಹ್ನ ಮೂರಕ್ಕೆ ಪಡುವಣದಲ್ಲಿ ಒಂದು ತುಂಡು ಮೋಡ ಕಂಡರೆ ಏನಾಗುತ್ತದೆ ಗೊತ್ತಾ? ಬೇಲಿಯ ಈ ಕಡೆ ಮನೆ ಮಂದಿಯೆಲ್ಲ ಟಾರ್ಪಾಲು ಹಿಡಿದುಕೊಂಡು ಕಣಕ್ಕೆ ಓಟ. ಅಜ್ಜಿ ಕೈಯಲ್ಲೂ ಒಂದು ತುದಿ. ‘ಆ ಮೂಲೆ ಎಳೆಯೋ, ಕಲ್ಲು ಇಡೋ’ ಅಂತ ಕೂಗು. ಬೇಲಿಯ ಆ ಕಡೆ ರಸ್ತೆಯಲ್ಲಿ ಕಾರು ನಿಲ್ಲಿಸಿದವರು ಅದೇ ಮೋಡ ನೋಡಿ ಎರಡೂ ಕೈ ಚಾಚಿ ನಿಂತಿರುತ್ತಾರೆ: ‘ವಾವ್, ವಾಟ್ ಎ ಕ್ಲೈಮೇಟ್!’ ಆಮೇಲೆ ಟಾರ್ಪಾಲು ಎಳೆಯುವವರನ್ನೂ ವಿಡಿಯೋ ಮಾಡಿಕೊಳ್ಳುತ್ತಾರೆ. ಸ್ಥಳೀಯ ಆಚರಣೆ ಅಂದುಕೊಂಡಿರಬೇಕು.

ಬೆಳಗಿನ ವಾಕಿಂಗ್ ವಿಷಯಕ್ಕೆ ಬರೋಣ. ನಿಜವಾಗಿ ಹಿಮ ಬೀಳುವ ಊರುಗಳಲ್ಲಿ ಜನ ಚಳಿಗಾಲದಲ್ಲಿ ಹೇಗೆ ನಡೆಯುತ್ತಾರೆ ಅಂತ ಓದಿದರೆ ಹೊಟ್ಟೆ ಉರಿಯುತ್ತದೆ. ನ್ಯೂಯಾರ್ಕಿನಲ್ಲಿ ಹಗಲು ಹೊತ್ತು ಹಿಮ ಬಿದ್ದು ನಿಂತರೆ, ಮನೆ ಮುಂದಿನ ಫುಟ್‌ಪಾತನ್ನು 4 ಗಂಟೆಯೊಳಗೆ ಮನೆಯವರೇ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ದಂಡ. ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ಬಿದ್ದ ನೀರು ಶೂನ್ಯ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ, ಅದಕ್ಕೆ. ಇದರಲ್ಲಿ ನನಗೆ ಹೊಟ್ಟೆಕಿಚ್ಚು ಹಿಮದ ಬಗ್ಗೆಯಲ್ಲ. ಹಿಮ ಕೆರೆದರೆ ಅಡಿಯಲ್ಲಿ ಫುಟ್‌ಪಾತ್ ಸಿಗುತ್ತದೆ ಅನ್ನುವ ಆ ಧೈರ್ಯದ ಬಗ್ಗೆ.

ನಮ್ಮಲ್ಲಿ ಏನು ಕೆರೆದರೂ ಚರಂಡಿ ಸಿಗುತ್ತದೆ. ಅದರ ಮೇಲೆ ಚಪ್ಪಡಿ. ಈ ತುದಿಗೆ ಕಾಲಿಟ್ಟರೆ ಆ ತುದಿ ಏಳುತ್ತದೆ, ಕಾಲು ತೆಗೆದರೆ ‘ಡಬ್’ ಅನ್ನುತ್ತದೆ. ನಮ್ಮ ಬೀದಿಯ ಹಳಬರು ಮನೆಯೊಳಗೆ ಕೂತೇ ಆ ಸದ್ದು ಕೇಳಿ ಯಾರ ಗೇಟಿನ ಮುಂದೆ ಯಾರು ಹೋಗುತ್ತಿದ್ದಾರೆ ಅಂತ ಹೇಳಬಲ್ಲರು. ನೆರಳಿರುವ ಕಡೆ ಮಳೆಗಾಲದ ಪಾಚಿ ಜನವರಿಯವರೆಗೂ ಹಸಿರಾಗೇ ಇರುತ್ತದೆ. ಅಲ್ಲಿನವರು ಮಂಜುಗಡ್ಡೆಗೆ ಉಪ್ಪು ಎರಚಿದರೆ ನಾವು ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚುತ್ತೇವೆ. ಜಾರಿ ಬೀಳುವ ವಿಷಯದಲ್ಲಿ ಮಾತ್ರ ನಾವು ಯಾವ ಸ್ಕಾಟ್ಲೆಂಡಿಗೂ ಕಡಿಮೆಯಿಲ್ಲ.

ಚಪ್ಪಡಿ ದಾಟಿದರೆ ಹೋಮ್‌ಮೇಡ್ ಚಾಕೊಲೇಟಿನ ಬೋರ್ಡು. ಅದನ್ನು ಸುತ್ತಿ ಹೋದರೆ ಏಲಕ್ಕಿ, ಕಾಳುಮೆಣಸು, ಜೇನುಬಾಟಲಿ ಜೋಡಿಸಿದ ಟೇಬಲ್ಲು. ಅದರಾಚೆ ಎರಡು ಚಕ್ರ ಫುಟ್‌ಪಾತಿಗೆ ಹತ್ತಿಸಿ ಓರೆಯಾಗಿ ನಿಂತ ಇನೋವಾ. ಹಿಂದಿನ ಬಾಗಿಲು ತೆರೆದಿದೆ. ಘಾಟಿಯ ತಿರುವುಗಳಿಗೆ ಸೋತ ಮಗುವೊಂದು ಚರಂಡಿಗೆ ಬಗ್ಗಿದೆ, ತಾಯಿ ಒಂದು ಕೈಯಲ್ಲಿ ಅದರ ಹಣೆ ಹಿಡಿದು ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದಾಳೆ. ಅಪ್ಪ ಸ್ವಲ್ಪ ದೂರದಲ್ಲಿ ನಿಂತು ಫೋನಿಗೆ ‘ಗಾಯ್ಸ್, ಫೈನಲಿ ಕೂರ್ಗ್ ರೀಚ್ ಆದ್ವಿ’ ಅನ್ನುತ್ತಿದ್ದಾನೆ. ನಾನು ರಸ್ತೆಗೆ ಇಳಿಯುತ್ತೇನೆ. ಹಿಂದಿನಿಂದ ಹಾರ್ನು. ತಿರುಗಿ ನೋಡಿದರೆ ಇನ್ನೊಂದು ಇನೋವಾ, ಒಳಗಿಂದ ಯಾರೋ ‘ಫುಟ್‌ಪಾತ್ ಮೇಲೆ ಹೋಗ್ರೀ’ ಅನ್ನುತ್ತಾರೆ.

ಇನ್ನೊಂದು ವಿಷಯದಲ್ಲೂ ನಾವು ಹಿಮದೂರಿನವರಿಗೆ ಸಮ. ಬಾಸ್ಟನ್ನಿನಲ್ಲಿ ಬೆವರು ಹರಿಸಿ ಹಿಮ ಕೆರೆದು ಕಾರಿಗೆ ಜಾಗ ಮಾಡಿಕೊಂಡವರು, ಬೇರೆಯವರು ಬಂದು ನಿಲ್ಲಿಸದಿರಲಿ ಅಂತ ಅಲ್ಲೊಂದು ಕುರ್ಚಿ ಇಡುತ್ತಾರೆ. ನಗರಾಡಳಿತವೂ ಹಿಮದ ತುರ್ತುಪರಿಸ್ಥಿತಿ ಮುಗಿದು 48 ಗಂಟೆಯವರೆಗೆ ಅದಕ್ಕೆ ಸುಮ್ಮನಿರುತ್ತದೆ. ನಮ್ಮ ಬೀದಿಯಲ್ಲೂ ಪ್ರತಿ ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ, ಹೂಕುಂಡ, ಕಾಂಕ್ರೀಟ್ ತುಂಬಿದ ಪೇಂಟ್ ಡಬ್ಬ ಇರುತ್ತವೆ. ಅವರದು ಎರಡು ದಿನದ ಕಥೆ, ನಮ್ಮದು ವರ್ಷಪೂರ್ತಿ ತುರ್ತುಪರಿಸ್ಥಿತಿ. ಡಿಸೆಂಬರ್ 31ಕ್ಕಂತೂ ಕುರ್ಚಿ ಸಾಲದೆ ಮನೆಯ ಹಿರಿಯರನ್ನೇ ಅದರ ಮೇಲೆ ಕೂರಿಸಬೇಕಾಗುತ್ತದೆ.

ಹಾಗೆ ಕೂತಿದ್ದ ಹಿರಿಯರೊಬ್ಬರ ಬಳಿ ಕಾರು ನಿಂತಿತು. ಅವರು ನಿವೃತ್ತ ಸುಬೇದಾರ್. ಕೊಡಗಿನಲ್ಲಿ ಹಿಮ ನೋಡಿದವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಅದನ್ನು ಯೂನಿಫಾರ್ಮ್ ಹಾಕಿಕೊಂಡು ನೋಡಿದವರು. ಕಾರಿನ ಗಾಜು ಇಳಿಯಿತು.

‘ಅಂಕಲ್, ಇಲ್ಲಿ ಸ್ನೋ ಪಾಯಿಂಟ್ ಯಾವ ಕಡೆ?’

ಹುಡುಗನ ತಪ್ಪಿಲ್ಲ. ವ್ಯೂ ಪಾಯಿಂಟು, ಸನ್‌ಸೆಟ್ ಪಾಯಿಂಟು, ಸೆಲ್ಫಿ ಪಾಯಿಂಟು ಅಂತ ಊರ ತುಂಬ ಪಾಯಿಂಟುಗಳನ್ನೇ ನೆಟ್ಟವರು ನಾವು. ಸುಬೇದಾರರು ಸಾವಧಾನವಾಗಿ ಹೇಳಿದರು: ‘ಇದೆಯಪ್ಪ. ಇಲ್ಲಿಂದ ಸೀದಾ ಬೆಂಗಳೂರು. ಅಲ್ಲಿಂದ ದೆಹಲಿ. ಆಮೇಲೆ ಲೇಹ್. ಅಲ್ಲಿ ಖರ್ದುಂಗ್ ಲಾ ದಾಟಿ ಮೇಲೆ ಹೋಗಬೇಕು. ಸಿಯಾಚಿನ್ ಅಂತ ಬೋರ್ಡು ಸಿಗುತ್ತದೆ. ನಾನು ಅಲ್ಲೇ ಇದ್ದೆ. ಒಳ್ಳೆ ಸ್ನೋ.’

‘ಪಾರ್ಕಿಂಗ್ ಇದೆಯಾ ಅಂಕಲ್?’

‘ಇದೆ. ಹೆಲಿಕಾಪ್ಟರಿಗೆ.’

ಹುಡುಗ ಥ್ಯಾಂಕ್ಸ್ ಹೇಳಿ ಮ್ಯಾಪಿನಲ್ಲಿ ಹುಡುಕತೊಡಗಿದ.

ಇಷ್ಟು ಬೇಡಿಕೆ ಇದ್ದಮೇಲೆ ಪೂರೈಕೆ ಆಗದೆ ಇರುತ್ತಾ? ಮಂಜಿನೂರಿಗೆ ಗಾಜಿನ ಸೇತುವೆ ಬಂದಾಯಿತು. ಇನ್ನು ಬರಬೇಕಾದ್ದು ಹಿಮವೇ. ಅದು ಹೇಗೆ ಬರುತ್ತದೆ ಅಂತ ಈಗಲೇ ಬರೆದಿಡಬಹುದು. ಮೊದಲು ಒಂದು ಸಮಿತಿ. ಸಮಿತಿಗೆ ಸ್ಕಾಟ್ಲೆಂಡಿಗೆ ಅಧ್ಯಯನ ಪ್ರವಾಸ, ಕುಟುಂಬ ಸಮೇತ, ಏಕೆಂದರೆ ಹಿಮವನ್ನು ಒಬ್ಬರೇ ನೋಡಿ ಅಂದಾಜು ಮಾಡಲಾಗುವುದಿಲ್ಲ. ಪ್ರವಾಸ ಜೂನ್ ತಿಂಗಳಲ್ಲಿ, ಮಕ್ಕಳ ಪರೀಕ್ಷೆ ಎಲ್ಲ ಮುಗಿದಿರಬೇಕಲ್ವಾ. ಅಲ್ಲಿ ಹಿಮ ಕಾಣದೆ ವಾಪಸ್ ಬಂದು ‘ಉಭಯ ಪ್ರದೇಶಗಳ ಹಿಮದ ಪ್ರಮಾಣ ಸಮಾನವಾಗಿದೆ’ ಅಂತ ವರದಿ. ವರದಿ ಆಧಾರದ ಮೇಲೆ ‘ಹಿಮ ತೆರವು ಕಾಮಗಾರಿ, ಮೊದಲನೇ ಹಂತ’ಕ್ಕೆ ಟೆಂಡರ್. ಗುದ್ದಲಿಪೂಜೆಗೆ ಮೂವರು ಗಣ್ಯರು, ಮೂವತ್ತು ಕಾರು. ಕಾರು ನಿಲ್ಲಿಸಲು ಜಾಗ ಸಾಲದೆ ಕಾರ್ಯಕ್ರಮ ಕುಶಾಲನಗರಕ್ಕೆ ಸ್ಥಳಾಂತರ. ಮಾರ್ಚ್ ಕೊನೆಯ ವಾರದಲ್ಲಿ ಕೆಲಸ ಪೂರ್ಣ, ಬಿಲ್ ಪಾಸ್.

ಏಪ್ರಿಲಿನಲ್ಲಿ ಬೆಂಗಳೂರಿನಿಂದ ಲೆಕ್ಕ ಪರಿಶೋಧನೆಗೆ ಒಬ್ಬರು ಬರುತ್ತಾರೆ. ಫೈಲು ಕೈಯಲ್ಲಿ ಹಿಡಿದು, ಸ್ವೆಟರ್ ಬಿಚ್ಚಿ ಭುಜದ ಮೇಲೆ ಹಾಕಿಕೊಂಡು, ಆ ಕಡೆ ಈ ಕಡೆ ನೋಡುತ್ತಾರೆ.

‘ಹಿಮ ಎಲ್ರೀ?’

‘ತೆರವು ಮಾಡಿದ್ದೇವಲ್ಲ ಸಾರ್. ಒಂದು ಚೂರಾದರೂ ಕಾಣುತ್ತಾ, ನೀವೇ ಹೇಳಿ.’

ಅವರು ಸ್ವಲ್ಪ ಯೋಚಿಸಿ ಟಿಕ್ ಹಾಕುತ್ತಾರೆ. ಎರಡು ಹೆಜ್ಜೆ ಮುಂದೆ ಹೋಗಿ, ಚಪ್ಪಡಿ ‘ಡಬ್’ ಅಂದಾಗ ಬೆಚ್ಚಿ ನಿಲ್ಲುತ್ತಾರೆ.

‘ಹಾಗಾದರೆ ಫುಟ್‌ಪಾತ್ ಎಲ್ಲಿ?’

‘ಅದು ಇನ್ನೂ ಹಿಮದ ಅಡಿಯಲ್ಲೇ ಇದೆ ಸಾರ್. ಎರಡನೇ ಹಂತದಲ್ಲಿ ಬರುತ್ತೆ.’