ಒಲೆ ಮಾತ್ರ ಉರಿಯುವ ಮನೆ

ಎಲ್‌ಇಡಿಗಳಲ್ಲಿ ಕೆಂಪು ಬಣ್ಣದ್ದು ಮಹಾ ಸ್ವಾರ್ಥಿ. ಮಗಳ ರಟ್ಟಿನ ಗೊಂಬೆಮನೆಗೆ ದೀಪ ಹಾಕಿಕೊಟ್ಟ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನವೇ ಉಳಿದಿಲ್ಲ.

ಹಾಲ್, ಬೆಡ್‌ರೂಮು, ಬಚ್ಚಲಿಗೆ ಒಂದೊಂದು ಬಿಳಿ ದೀಪ, ಅಡುಗೆಮನೆಯ ಒಲೆಗೆ ಕೆಂಪು. ನಾಲ್ಕನ್ನೂ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗಳನ್ನೆಲ್ಲ ಒಂದು ಕಡೆ, ಮೈನಸ್‌ಗಳನ್ನೆಲ್ಲ ಇನ್ನೊಂದು ಕಡೆ ಸೇರಿಸಿ, ಎಲ್ಲಕ್ಕೂ ಸೇರಿ ಕರೆಂಟಿಗೆ ಕಡಿವಾಣ ಹಾಕುವ ಒಂದೇ ರೆಸಿಸ್ಟರ್ ಇಟ್ಟು, 5 ವೋಲ್ಟಿನ ಹಳೇ ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದೆ. ಮನೆಯೆಲ್ಲ ಕಗ್ಗತ್ತಲು. ಒಲೆ ಮಾತ್ರ ಧಗಧಗ.

"ಕರೆಂಟ್ ಹೋದ್ರೂ ಅಡುಗೆ ನಡೀತಿದೆ ಅಲ್ವಾ?" ಅಂದಳು ಮಗಳು.

ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3ರ ಆಸುಪಾಸು ಬೇಕು. ಒಟ್ಟಿಗೆ ಕಟ್ಟಿದರೆ ಕೆಂಪು ತನ್ನ 2 ವೋಲ್ಟಿಗೇ ಎಲ್ಲರನ್ನೂ ಎಳೆದು ಕೂರಿಸುತ್ತದೆ, ಬರುವ ಕರೆಂಟನ್ನೆಲ್ಲ ತಾನೇ ನುಂಗುತ್ತದೆ, ಪಾಪದ ಬಿಳಿಯವು ಕಣ್ಣು ಬಿಡುವುದಕ್ಕೂ ಗತಿಯಿಲ್ಲದೆ ಸುಮ್ನೆ ಕೂತಿರುತ್ತವೆ.

ಸರಿ, ಸೀರೀಸ್ ಮಾಡೋಣ, ಅಂದರೆ ಒಂದರ ಹಿಂದೆ ಒಂದು ಸರಪಳಿಯಂತೆ ಕಟ್ಟೋಣ ಅಂತ 12 ವೋಲ್ಟಿನ ಅಡಾಪ್ಟರ್ ತಂದೆ. ಎಲ್ಲವೂ ಚೆಂದವಾಗಿ ಹೊತ್ತಿಕೊಂಡವು. ಆದರೆ ಸೀರೀಸ್ ಅಂದರೆ ಕೂಡುಕುಟುಂಬ, ಒಬ್ಬರು ಮುನಿಸಿಕೊಂಡರೆ ಮನೆಯೇ ಮಂಕು. ಬಚ್ಚಲಿನ ಬೆಸುಗೆ ಸ್ವಲ್ಪ ಸಡಿಲ ಇತ್ತು. ಮಗಳು ಗೊಂಬೆಗೆ ಸ್ನಾನ ಮಾಡಿಸಲು ಕೈ ಹಾಕಿದಾಗಲೆಲ್ಲ ಒಲೆಯೂ ಆರುತ್ತಿತ್ತು.

ಕೊನೆಗೆ ಉಳಿದದ್ದು ಒಂದೇ ದಾರಿ. ಮತ್ತೆ ಪ್ಯಾರಲಲ್, ಆದರೆ ಪ್ರತಿ ದೀಪಕ್ಕೂ ಅದರದ್ದೇ ರೆಸಿಸ್ಟರ್. ಲೆಕ್ಕ ಸುಲಭ: 5 ವೋಲ್ಟಿನಲ್ಲಿ ದೀಪದ ವೋಲ್ಟೇಜ್ ಕಳೆದು, ಉಳಿದದ್ದನ್ನು ಒಂದು ದೀಪಕ್ಕೆ ಹರಿಸುವ ಕರೆಂಟಿನಿಂದ, ಅಂದರೆ 20 ಮಿಲಿಆಂಪಿಯರ್ ಅಥವಾ 0.02 ಆಂಪಿಯರ್‌ನಿಂದ ಭಾಗಿಸಬೇಕು. ಕೆಂಪಿಗೆ 150 ಓಮ್‌ನ ರೆಸಿಸ್ಟರ್, ಬಿಳಿಗೆ 100 ಓಮ್‌ನದ್ದು. ಅಷ್ಟರಲ್ಲಿ ಮನೆಯ ಇನ್ನೊಬ್ಬ ಎಂಜಿನಿಯರರು, ಅಂದರೆ ನನ್ನ ಯಜಮಾನರು, ನೋಡೋಕೆ ಚೆನ್ನಾಗಿಲ್ಲ ಅಂತ ಎಲ್ಲ ಎಲ್‌ಇಡಿಗಳ ಕಾಲನ್ನೂ ಒಂದೇ ಸಮ ಕತ್ತರಿಸಿಟ್ಟಿದ್ದರು. ಉದ್ದದ ಕಾಲು ಪ್ಲಸ್ ಅನ್ನುವ ಗುರುತು ಅಲ್ಲಿಗೆ ಮುಗಿಯಿತು. ಪುಣ್ಯಕ್ಕೆ ಬುಡದ ಅಂಚು ಚಪ್ಪಟೆಯಾಗಿರುವ ಕಡೆ ಮೈನಸ್ ಇರುತ್ತದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಸವರಿ ಸವರಿ ಹುಡುಕಿದ್ದಾಯಿತು.

ನಾಲ್ಕೂ ಉರಿದವು! ವೈರ್ ಎಳೆದಾಡುವುದು ಬೇಡ ಅಂತ ಚಾರ್ಜರ್ ತೆಗೆದು ಪವರ್ ಬ್ಯಾಂಕ್ ಸಿಕ್ಕಿಸಿದೆ. ಚಪ್ಪಾಳೆ ಮುಗಿಯುವಷ್ಟರಲ್ಲಿ ಮತ್ತೆ ಕತ್ತಲೆ. ನಾಲ್ಕು ದೀಪ ಸೇರಿದರೂ ಬೇಕಾಗಿದ್ದು 80 ಮಿಲಿಆಂಪಿಯರ್ ಅಷ್ಟೇ. ಇಷ್ಟು ಕಡಿಮೆ ಎಳೆದರೆ ಎಷ್ಟೋ ಪವರ್ ಬ್ಯಾಂಕುಗಳು ಯಾರೂ ಇಲ್ಲವೆಂದುಕೊಂಡು ತಾವೇ ಆಫ್ ಆಗುತ್ತವೆ. ದೊಡ್ಡವರ ಮನೆಯ ಬಾಗಿಲನ್ನು ಮೆಲ್ಲಗೆ ತಟ್ಟಿದರೆ ಯಾರು ತೆಗೀತಾರೆ?

ಉಪಾಯ ಕಂಡುಹಿಡಿದವಳು ಮಗಳೇ. ಪಕ್ಕದ ಪೋರ್ಟಿಗೆ ಅಜ್ಜನ ಫೋನ್ ಸಿಕ್ಕಿಸಿದಳು, ಪವರ್ ಬ್ಯಾಂಕ್ ಎಚ್ಚರವಾಗೇ ಉಳಿಯಿತು. ಆದರೆ ಫೋನ್ ತುಂಬಿದ ಸ್ವಲ್ಪ ಹೊತ್ತಿಗೆ ಗೊಂಬೆಮನೆಯ ಕರೆಂಟ್ ಹೋಗುತ್ತದೆ. ಹಾಗಾಗಿ ಈಗ ಮನೆಗೆ ಯಾರೇ ನೆಂಟರು ಬಂದರೂ ಚಪ್ಪಲಿ ಬಿಡುವ ಮೊದಲೇ ಇವಳ ಪ್ರಶ್ನೆ: "ನಿಮ್ಮ ಫೋನಲ್ಲಿ ಚಾರ್ಜ್ ಎಷ್ಟಿದೆ?" ಕಡಿಮೆ ಇದೆ ಅಂದವರಿಗೆ ಜಾಸ್ತಿ ಮರ್ಯಾದೆ.