ಹೋಗಲಿ ಬಿಡು ಅನ್ನಬೇಕಾದವರು ಯಾರು?

ಬೆಂಗಳೂರಿನ ಹಡ್ಸನ್ ಸರ್ಕಲ್ಲಿನ ಕನ್ನಡ ಚರ್ಚಿನಲ್ಲಿ ನಾವು ಹೇಳುವ ಪ್ರಾರ್ಥನೆಯಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬ ಸಾಲಿದೆ. ಬೈಬಲಿನ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಅಲ್ಲಿರುವುದು ತಪ್ಪು ಅಲ್ಲ, ಸಾಲ. ನಮ್ಮ ಸಾಲ ಬಿಡು, ನಾವೂ ನಮ್ಮ ಸಾಲಗಾರರನ್ನು ಬಿಟ್ಟಿದ್ದೇವೆ ಎಂದು ಅದರ ಅರ್ಥ.

ಆ 'ಬಿಡು' ಎಂಬ ಕ್ರಿಯಾಪದದಿಂದ ಬಂದ ನಾಮಪದ ಅಫೆಸಿಸ್. ಅಪೊ ಅಂದರೆ ಆಚೆಗೆ, ಹಿಯೆಮಿ ಅಂದರೆ ಕಳಿಸು. ನಮ್ಮ 'ಹೋಗ್ಲಿ ಬಿಡು' ಇದಕ್ಕೆ ಎಷ್ಟು ಹತ್ತಿರ ಅಲ್ವಾ? ಗ್ರೀಸಿನ ಒಲಿಂಪಿಯಾದಲ್ಲಿ ಓಟದ ಕುದುರೆಗಳನ್ನು ಬಿಡುತ್ತಿದ್ದ ಜಾಗಕ್ಕೂ ಇದೇ ಹೆಸರಿತ್ತು. ರೊಸೆಟ್ಟಾ ಕಲ್ಲಿನ ಹೆಸರು ಎಲ್ಲರೂ ಕೇಳಿರುತ್ತೀರಿ. ಕ್ರಿ.ಪೂ. 196ರ ಆ ಶಾಸನದ ಕಲ್ಲಿನಲ್ಲಿ ಈಜಿಪ್ಟಿನ ರಾಜ ಐದನೆಯ ಟಾಲೆಮಿ ಕೆಲವು ತೆರಿಗೆ ಬಿಟ್ಟ, ಬಾಕಿ ಬಿಟ್ಟ, ಸೆರೆಯಲ್ಲಿದ್ದವರನ್ನು ಬಿಟ್ಟ ಎಂದು ಕೊರೆದಿದೆ. ತೆರಿಗೆ ಬಿಟ್ಟ ಎನ್ನಲು ಅದರ ಗ್ರೀಕ್ ಭಾಗದಲ್ಲಿರುವುದೂ ಇದೇ ಕ್ರಿಯಾಪದ.

ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ 50ನೆಯ ವರ್ಷದ ಬಿಡುಗಡೆ ಬರುತ್ತದೆ. ಕೈತಪ್ಪಿದ ಜಮೀನು ಮೂಲ ಕುಟುಂಬಕ್ಕೆ ಮರಳಬೇಕು. ಬಡತನಕ್ಕೆ ತನ್ನನ್ನೇ ಮಾರಿಕೊಂಡವನು ಮನೆಗೆ ಹೋಗಬೇಕು. ಹೀಬ್ರೂವಿನಲ್ಲಿ ದೆರೋರ್ ಎಂದಿದ್ದುದನ್ನು ಗ್ರೀಕಿಗೆ ತಂದವರು ಅಫೆಸಿಸ್ ಎಂದರು. ಯೇಸು ನಜರೇತಿನಲ್ಲಿ ಓದಿದ 'ಸೆರೆಯವರಿಗೆ ಬಿಡುಗಡೆ'ಯಲ್ಲೂ, ನಾವು 'ಪಾಪಕ್ಷಮೆ' ಎಂದು ಓದುವ ಕಡೆಯಲ್ಲೂ ಸುವಾರ್ತೆ ಬರೆದ ಲೂಕ ಬಳಸಿದ್ದು ಈ ಒಂದೇ ಪದ.

ಸಂಸ್ಕೃತದಿಂದ ಬಂದ 'ಕ್ಷಮೆ'ಯ ಬೇರು ತಾಳಿಕೊಳ್ಳುವುದು. ಭೂಮಿಗೂ ಕ್ಷಮಾ ಎನ್ನುತ್ತಾರೆ. ದೊಡ್ಡ ಗುಣವೇ. ಆದರೆ ತಾಳಿಕೋ ಅಂತ ನಾವು ಹೇಳುವುದು ಯಾರಿಗೆ? ಹೆಚ್ಚಾಗಿ ಪೆಟ್ಟು ತಿಂದವರಿಗೆ. ಸೊಸೆಗೆ, ಕೂಲಿಯವನಿಗೆ, ಮನೆಗೆಲಸದವರಿಗೆ. ಅಫೆಸಿಸ್‌ನ ಈ ಹಳೆಯ ಬರಹಗಳಲ್ಲಿ ಬಿಡಬೇಕಾದವನು ಹಿಡಿದುಕೊಂಡವನು. ರಾಜ, ಸಾಲ ಕೊಟ್ಟವನು, ಧಣಿ. ಚರ್ಚಿನಲ್ಲಿ ನಾವು ಕೇಳುವ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಈ ಮಾತು ಜಾಸ್ತಿ ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಪಾಪ ಹೋಯಿತು ಎಂದು ಸಮಾಧಾನಪಟ್ಟು, ಬಡವನ ಸಾಲದ ಪತ್ರವನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟುಕೊಳ್ಳುವುದು ಹೇಗೆ ಸರಿ?

ಇದು ಬರೀ ಹಳೆಯ ಕಾಲದ ಮಾತಲ್ಲ. ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆಳನ್ನು ಬಿಡಿಸಿ ಸುಮ್ಮನಾಗುವುದಿಲ್ಲ, ಜೀತದ ಸಾಲವನ್ನೂ ಅಳಿಸಿಹಾಕುತ್ತದೆ. ಎರಡೂ ಒಟ್ಟಿಗೆ. ಹಾಗಿದ್ದರೂ ಬೆಂಗಳೂರಿನ ಸುತ್ತಲಿನ ಇಟ್ಟಿಗೆ ಗೂಡುಗಳಿಂದ ಮುಂಗಡದ ಹೆಸರಲ್ಲಿ ಸಿಕ್ಕಿಬಿದ್ದ ಕುಟುಂಬಗಳ ಸುದ್ದಿ ಈಗಲೂ ಬರುತ್ತದೆ. ಅಂಥವರಿಗೆ ಅಧಿಕಾರಿಗಳು ಕೊಡುವ ಕಾಗದದ ಹೆಸರು ಬಿಡುಗಡೆ ಪತ್ರ. ಅದು ತಡವಾದರೆ ಪುನರ್ವಸತಿಯೂ ತಡ. ಭಾನುವಾರ ಸಾಲ ಬಿಡು ಎಂದು ಬೇಡುವ ನಾವು, ಆ ಪತ್ರ ಬೇಗ ಕೊಡಿ ಎಂದು ಸೋಮವಾರ ಕಚೇರಿಯಲ್ಲಿ ಕೇಳಲೂ ಹೋಗೋಣ.